ಕಾಂಡ್ಲ ನೆಡುವ ಮೊದಲು ಉಪ್ಪು ಅಳೆಯಿರಿ

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಯ ದಂಡೆಯ ಊರು. ಹತ್ತಿಪ್ಪತ್ತು ಜನ ಯುವಕ ಯುವತಿಯರು ಸೇರಿ ತಿಂಗಳಿಗೊಮ್ಮೆ ದಂಡೆಯ ಪ್ಲಾಸ್ಟಿಕ್ ಹೆಕ್ಕುತ್ತೇವೆ. ಎರಡು ಮಳೆಗಾಲ ಕಾಂಡ್ಲ (ಮ್ಯಾಂಗ್ರೋವ್) ನೆಟ್ಟೆವು, ಹೆಚ್ಚಿನವು ಸತ್ತವು. ಬೆಳಚು (ಕೆಸರಿನಿಂದ ಹೆಕ್ಕಿ ತಿನ್ನುವ ಚಿಪ್ಪುಜೀವಿ) ಮೊದಲಿನಷ್ಟು ಸಿಗುವುದಿಲ್ಲ ಎಂದು ಅಮ್ಮಂದಿರು ಹೇಳುತ್ತಾರೆ. ನೀರುನಾಯಿ ಬಲೆ ಹರಿಯುತ್ತದೆಂದು ಮೀನುಗಾರರಿಗೆ ಸಿಟ್ಟು. ‘ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆ) ಆಯಿತಲ್ಲ, ಇನ್ನು ಸರ್ಕಾರ ನೋಡಿಕೊಳ್ಳುತ್ತದೆ’ ಎನ್ನುವವರೂ ಇದ್ದಾರೆ. ಸ್ವಯಂಸೇವಕರಿಂದ ನದಿಗೆ ನಿಜವಾಗಿ ಉಪಯೋಗವಾಗುವ ಕೆಲಸ ಯಾವುದು? ಸಂಘ ನೋಂದಾಯಿಸಬೇಕೇ?

ಉತ್ತರ: ನಿಮ್ಮಿಂದ ಆಗುವ, ಬೇರೆ ಯಾರಿಂದಲೂ ಆಗದ ಕೆಲಸ ಒಂದಿದೆ. ಒಂದೇ ಜಾಗಕ್ಕೆ ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ, ಕಂಡದ್ದನ್ನು ತಾರೀಖಿನ ಸಮೇತ ಬರೆದಿಡುವುದು. ವಿಜ್ಞಾನಿಗಳು ಯೋಜನೆಯ ಹಣ ಇರುವಷ್ಟು ದಿನ ಬರುತ್ತಾರೆ. ಅಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ. ನೀವು ಅಲ್ಲೇ ಇರುತ್ತೀರಿ. ಕಸ ಹೆಕ್ಕುವುದು ಬೇಡವೆಂದಲ್ಲ. ಆದರೆ ಅಘನಾಶಿನಿಯ ಹಣೆಬರಹ ಅದರಿಂದ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ಯಾವ ತಿಂಗಳಲ್ಲಿ ಎಷ್ಟು ಸಿಹಿನೀರು ಅಳಿವೆಗೆ ಇಳಿಯುತ್ತದೆ, ಎಷ್ಟು ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು.

ಇದು ಬರೀ ಪುಸ್ತಕದ ಮಾತಲ್ಲ, ಪಕ್ಕದ ಶರಾವತಿಯಲ್ಲಿ ನಡೆದುಹೋಗಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಬಹಳ ವರ್ಷಗಳ ನಂತರ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ ಬಂತು. ವಿದ್ಯುತ್ ತಯಾರಾದ ಮೇಲೆ ಟರ್ಬೈನಿನಿಂದ ಹೊರಬೀಳುವ ನೀರು ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಗೆ ಇಳಿಯತೊಡಗಿತು. ಬೇಸಿಗೆಯಲ್ಲಿ ಹೊಳೆ ತುಂಬಿ ಹರಿದರೆ ಒಳ್ಳೆಯದೇ ಅಲ್ಲವೇ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಉಪ್ಪನ್ನೇ ನಂಬಿದ್ದ ಬೆಳಚು, ಚಿಪ್ಪೆಕಲ್ಲುಗಳು ಅಲ್ಲಿ ನೆಲೆ ಕಳೆದುಕೊಂಡವು. ಉಪ್ಪುನೀರಿನ ಮೀನುಗಳ ವೈವಿಧ್ಯವೂ ಕುಗ್ಗಿತು. ಅಳಿವೆಯ ಜೀವಿಗಳಿಗೆ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ನಡುವಿನ ತಿಂಗಳುಗಳಲ್ಲಿ ಮೆಲ್ಲಗೆ ಬದಲಾಗುವ ಹದ ಬೇಕು. ಆ ಹದ ಸಿಹಿನೀರು ಕಡಿಮೆಯಾದರೂ ಕೆಡುತ್ತದೆ, ಅಕಾಲದಲ್ಲಿ ಹೆಚ್ಚಾದರೂ ಕೆಡುತ್ತದೆ.

ಅಘನಾಶಿನಿಯಲ್ಲಿ ಆ ಹದ ಇಂದಿಗೂ ಉಳಿದಿರುವುದಕ್ಕೆ ಮುಖ್ಯ ಕಾರಣ ಅದರ ಮೈಮೇಲೆ ಅಣೆಕಟ್ಟು ಇಲ್ಲದಿರುವುದು. ಶಿರಸಿಯ ಶಂಕರಹೊಂಡದಿಂದ ಒಂದು ಸೆಲೆ, ಮಂಜುಗುಣಿ ಕಡೆಯಿಂದ ದೋಣಿಹಳ್ಳ ಎಂಬ ಇನ್ನೊಂದು. ಎರಡೂ ಕೂಡಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಸಾಗಿ ತದಡಿಗೂ ಅಘನಾಶಿನಿ ಊರಿಗೂ ನಡುವೆ ಕಡಲು ಸೇರುತ್ತವೆ. ಪಶ್ಚಿಮಕ್ಕೆ ಹರಿಯುವ ಇಷ್ಟು ದೊಡ್ಡ ನದಿ ಕಟ್ಟೆಯ ತಡೆಯಿಲ್ಲದೆ ಕಡಲು ಮುಟ್ಟುವುದು ಈಗ ಅಪರೂಪ. ತಾನಾಗಿ ಉಳಿದುಕೊಂಡದ್ದೂ ಅಲ್ಲ. ಜಲವಿದ್ಯುತ್ ಪ್ರಸ್ತಾವ ಬಂದಿತ್ತು, ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರದ ಪ್ರಸ್ತಾವ ಬಂದಿತ್ತು, ಬಂದರಿನ ಮಾತು ಹಲವು ಸಲ ಎದ್ದು ಮಲಗಿದೆ. ಈಗ ಅಘನಾಶಿನಿಯ ನೀರನ್ನು ಪೂರ್ವದ ವೇದಾವತಿಗೆ ತಿರುಗಿಸುವ ನದಿ ಜೋಡಣೆಯ ಚರ್ಚೆಯಿದೆ.

ತದಡಿಯ ಸ್ಥಾವರ ಬೇಡವೆಂದು ಜನ ಬೀದಿಗಿಳಿದದ್ದು ನಿಮಗೆ ಹಿರಿಯರಿಂದ ಗೊತ್ತಿರುತ್ತದೆ. ಅದರ ಜೊತೆಗೆ ನಡೆದ ಇನ್ನೊಂದು ಕೆಲಸಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅಳಿವೆಯ ಚಿಪ್ಪುಜೀವಿಗಳ ಲೆಕ್ಕ ತೆಗೆಯಿತು. 2008ರ ಅವರ ಅಂದಾಜಿನಂತೆ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು ಈ ಅಳಿವೆಯಿಂದ ಎದ್ದುಬರುತ್ತಿತ್ತು, ಬೆಲೆ ಸುಮಾರು 5.8 ಕೋಟಿ ರೂಪಾಯಿ, ನೇರವಾಗಿ ಅದರಲ್ಲಿ ತೊಡಗಿದ್ದವರು 2,300ಕ್ಕೂ ಹೆಚ್ಚು. ‘ಅಲ್ಲಿ ಏನಿದೆ, ಬರೀ ಕೆಸರು’ ಎನ್ನುತ್ತಿದ್ದವರ ಎದುರು ಇಡಲು ಒಂದು ಸಂಖ್ಯೆ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ಘೋಷಣೆಗಿಂತ ಗಟ್ಟಿಯಾದದ್ದು ಅದು. ಆದರೆ ಆ ಲೆಕ್ಕಕ್ಕೆ ಈಗ ವಯಸ್ಸಾಗಿದೆ. ಬೆಳಚು ಕಡಿಮೆಯಾಗಿದೆ ಎಂದು ನಿಮ್ಮ ಅಮ್ಮಂದಿರು ಹೇಳುವುದನ್ನು ನಾನು ಪೂರ್ತಿ ನಂಬುತ್ತೇನೆ. ಸಾರ್ವಜನಿಕ ವಿಚಾರಣೆಯ ಮೇಜಿನ ಆಚೆ ಕೂತವರು ನಂಬುವುದಿಲ್ಲ. ಅವರು ಕೇಳುವ ಪ್ರಶ್ನೆ ಒಂದೇ: ಎಷ್ಟು ಕಡಿಮೆ, ಯಾವಾಗಿನಿಂದ?

ಆದ್ದರಿಂದ ಮೊದಲ ಕೆಲಸ ಉಪ್ಪು ಅಳೆಯುವುದು. ರಿಫ್ರಾಕ್ಟೋಮೀಟರ್ ಎಂಬ ಕೈಯಳತೆಯ ಸಾಧನ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಸಾವಿರ ಭಾಗ ನೀರಿನಲ್ಲಿ ಎಷ್ಟು ಭಾಗ ಉಪ್ಪು ಎಂದು ತೋರಿಸುತ್ತದೆ. ತೆರೆದ ಕಡಲಿನಲ್ಲಿ ಇದು ಸುಮಾರು 35. ತದಡಿ ಬಂದರು, ಐಗಳಕುರ್ವೆಯ ಆಸುಪಾಸು, ಮಿರ್ಜಾನ, ದಿವಗಿ ಸೇತುವೆ, ಅದರಿಂದ ಮೇಲೆ ಉಪ್ಪಿನಪಟ್ಟಣದ ಕಡೆ, ಹೀಗೆ ನಾಲ್ಕೈದು ಜಾಗ ಗೊತ್ತುಮಾಡಿಕೊಳ್ಳಿ. ತಿಂಗಳಿಗೆ ಎರಡು ದಿನ ಸಾಕು. ಒಂದು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಭರತದ ಹೊತ್ತಿಗೆ, ಇನ್ನೊಂದು ಅಷ್ಟಮಿಯ ಸಣ್ಣ ಭರತದ ಹೊತ್ತಿಗೆ. ಭರತದ ತುದಿಯಲ್ಲಿ ಒಮ್ಮೆ, ಇಳಿತದ ತುದಿಯಲ್ಲಿ ಒಮ್ಮೆ ಅಳೆಯಿರಿ. ಮೇಲ್ನೀರಿನ ಜೊತೆಗೆ ತಳದ ನೀರನ್ನೂ ಅಳೆಯಬೇಕು, ಉಪ್ಪುನೀರು ಭಾರವಾದ್ದರಿಂದ ಅಡಿಯಲ್ಲಿ ನುಗ್ಗುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳ ಮುಟ್ಟಿದ ಮೇಲೆ ಎಳೆದರೆ ಆಯಿತು. ದುಬಾರಿ ಸಾಧನದ ಆಸೆಗೆ ಬೀಳಬೇಡಿ.

ಎರಡು ವರ್ಷ ಹೀಗೆ ಬರೆದರೆ ನಿಮ್ಮ ಕೈಯಲ್ಲಿ ಅಳಿವೆಯ ನಾಡಿ ಇರುತ್ತದೆ. ಜೂನಿನ ಮೊದಲ ಹೊಡೆತಕ್ಕೆ ಎಷ್ಟು ದಿನದಲ್ಲಿ ಉಪ್ಪು ಇಳಿಯಿತು, ದೀಪಾವಳಿಯ ನಂತರ ಎಷ್ಟು ಬೇಗ ಏರಿತು ಎಂಬುದೆಲ್ಲ ತಿಳಿಯುತ್ತದೆ. ಮುಂದೆ ಯಾರಾದರೂ ಮೇಲೆ ನೀರು ತಿರುಗಿಸಿದರೆ ವ್ಯತ್ಯಾಸ ಮೊದಲು ಕಾಣುವುದು ನಿಮ್ಮ ಪುಸ್ತಕದಲ್ಲಿ.

ಇದರ ಜೊತೆಗೆ ಬೆಳಚಿನ ಲೆಕ್ಕ. ಇದಕ್ಕೆ ಹೆಕ್ಕುವ ಹೆಂಗಸರೇ ಗುರುಗಳು, ನೀವು ಬರೆಯುವವರು ಮಾತ್ರ. ಇಳಿತದ ಹೊತ್ತಿಗೆ ಯಾವ ದಿಬ್ಬಕ್ಕೆ ಇಳಿದರು, ಎಷ್ಟು ಹೊತ್ತು ಹೆಕ್ಕಿದರು, ಎಷ್ಟು ಸಿಕ್ಕಿತು ಎಂದು ಬರೆದುಕೊಳ್ಳಿ. ಒಂದು ಹಿಡಿ ಚಿಪ್ಪನ್ನು ಸ್ಕೇಲಿನ ಮೇಲಿಟ್ಟು ಅಗಲ ನೋಡಿ. ಗಂಟೆಗೆ ಎಷ್ಟು ಸಿಕ್ಕಿತು ಎಂಬುದು ಒಟ್ಟು ಎಷ್ಟು ಸಿಕ್ಕಿತು ಎಂಬುದಕ್ಕಿಂತ ಒಳ್ಳೆಯ ಅಳತೆ, ಯಾಕೆಂದರೆ ಕಡಿಮೆಯಾದಾಗ ಜನ ಹೆಚ್ಚು ಹೊತ್ತು ಹೆಕ್ಕುತ್ತಾರೆ, ಒಟ್ಟು ಲೆಕ್ಕದಲ್ಲಿ ಇಳಿಕೆ ಮುಚ್ಚಿಹೋಗುತ್ತದೆ. ಚಿಪ್ಪಿನ ಅಗಲ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದ್ದರೆ ಮರಿಗಳೇ ಹೊರಡುತ್ತಿವೆ ಎಂದರ್ಥ. ದೊಡ್ಡ ನೆರೆಯ ಬೆನ್ನಿಗೆ ರಾಶಿ ರಾಶಿ ಸತ್ತಿದ್ದರೆ ಅದು ಬೇರೆಯೇ ಕಥೆ. ಮರಳು ತೆಗೆದ ಜಾಗದಲ್ಲಿ ಮಾತ್ರ ಇಲ್ಲವಾದರೆ ಮತ್ತೊಂದು. ಮೂರಕ್ಕೂ ಮದ್ದು ಬೇರೆ ಬೇರೆ, ಅದಕ್ಕೇ ಕಾರಣ ಗೊತ್ತಾಗದೆ ಮದ್ದು ಹುಡುಕಬಾರದು.

ಮರಿಗಳನ್ನು ಬಿಟ್ಟುಬಿಡುವ ಕಟ್ಟುಪಾಡು ಬೇಕೆಂದು ಊರವರಿಗೇ ಅನಿಸಿದರೆ ಅವರಿಗೆ ಕೇರಳದ ಅಷ್ಟಮುಡಿಯ ಕಥೆ ಹೇಳಿ. ನಿಮ್ಮಲ್ಲೂ ಇರುವ ಜಾತಿಯ ಬೆಳಚು ಅಲ್ಲಿ ಮಿತಿಮೀರಿ ತೆಗೆದು ಕುಸಿದಿತ್ತು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ತೆಗೆಯುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು ಎಂಬ ನಿಯಮಗಳು ಅಲ್ಲಿ ಬಂದವು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ನೆರವಿನಿಂದ ಹೆಕ್ಕುವವರೂ ಸೇರಿದ ಮಂಡಳಿಯೊಂದು ಅದನ್ನು ನಡೆಸಿತು. 2014ರಲ್ಲಿ ಆ ಮೀನುಗಾರಿಕೆಗೆ ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಅಲ್ಲಿಯ ತಿಂಗಳುಗಳನ್ನೇ ಇಲ್ಲಿಗೆ ತಂದು ಹೇರಬೇಡಿ, ಮೊಟ್ಟೆಯಿಡುವ ಕಾಲ ಊರಿಂದೂರಿಗೆ ಬೇರೆಯಾಗಬಹುದು. ನಿಯಮ ಮಾಡಿದವರಲ್ಲಿ ಹೆಕ್ಕುವವರೂ ಇದ್ದರು ಎಂಬ ಅಂಶವನ್ನು ಮಾತ್ರ ಬಿಡದೆ ಹೇಳಿ.

ಇನ್ನು ನಿಮ್ಮ ಕಾಂಡ್ಲದ ಸಸಿಗಳ ಸಾವು. ನನಗೆ ಅನಿಸುವುದು, ಇಳಿತದಲ್ಲಿ ಬೆತ್ತಲಾಗುವ ಬಯಲು ಕೆಸರಿನಲ್ಲಿ ರೈಜೋಫೊರಾ ಎಂಬ ಜಾತಿಯ ಕಾಂಡ್ಲದ ಕೋಲುಗಳನ್ನು ಸಾಲಾಗಿ ಊರಿದ್ದೀರಿ. ಎಲ್ಲ ಕಡೆ ಹೀಗೇ ನಡೆಯುತ್ತದೆ, ಯಾಕೆಂದರೆ ಆ ಕೋಲು ಮರದಲ್ಲೇ ಮೊಳೆತು ಉದ್ದವಾಗಿ ಜೋತಿರುತ್ತದೆ, ಕಿತ್ತು ಊರುವುದು ಸುಲಭ, ಫೋಟೋದಲ್ಲಿ ಸಾಲು ಚೆನ್ನಾಗಿ ಕಾಣುತ್ತದೆ. ಆದರೆ ಅಷ್ಟು ತಗ್ಗಿನಲ್ಲಿ ಸಸಿ ದಿನದ ಹೆಚ್ಚು ಹೊತ್ತು ಮುಳುಗಿರುತ್ತದೆ. ಕಾಂಡಕ್ಕೆ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿಗಳು ಮೆತ್ತಿಕೊಂಡು ಭಾರವಾಗುತ್ತದೆ. ಕೊನೆಗೆ ಅಲೆ ಕೀಳುತ್ತದೆ.

ಸತ್ತದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದರೆ ಬೇಸರ ಮಾಡಿಕೊಳ್ಳಬೇಡಿ. ಆ ಬಯಲು ಕೆಸರು ಖಾಲಿ ಜಾಗವಲ್ಲ. ಬೆಳಚು ಇರುವುದು ಅಲ್ಲಿ, ಚಳಿಗಾಲದಲ್ಲಿ ದೂರದಿಂದ ಬರುವ ಗದ್ದೆಗೊರವ, ಉಲ್ಲಂಕಿಗಳು ಕೊಕ್ಕು ತೂರಿಸಿ ಹುಳ ತೆಗೆಯುವುದು ಅಲ್ಲಿ. ಅಲ್ಲಿ ಕಾಡು ಬೆಳೆಸಿದರೆ ಒಂದು ನೆಲೆಯನ್ನು ಅಳಿಸಿ ಇನ್ನೊಂದನ್ನು ಮಾಡಿದಂತೆ. ಕಾಂಡ್ಲ ಬೇಕಾಗಿರುವುದು ಹಿಂದೆ ಕಾಂಡ್ಲ ಇದ್ದು ಈಗ ಇಲ್ಲದ ಕಡೆ: ಗಜನಿಯ (ಅಳಿವೆಯಂಚಿನ ತಗ್ಗು ಗದ್ದೆ) ಕಟ್ಟೆಯ ಹೊರಮೈ, ಕುರ್ವೆಗಳ (ನಡುಗಡ್ಡೆ) ಅಂಚು, ಭರತದ ನೀರು ಬಂದು ಹೋಗುವ ಸ್ವಲ್ಪ ಎತ್ತರದ ದಂಡೆ. ನೆಡುವ ಮೊದಲು ಅಲ್ಲಿ ಯಾಕೆ ಹೋಯಿತು ಎಂದು ಕೇಳಿ. ಬಹಳ ಸಲ ಉತ್ತರ ನೀರಿನ ದಾರಿಯಲ್ಲಿರುತ್ತದೆ. ಯಾರೋ ಮಣ್ಣು ಹಾಕಿ ಸಣ್ಣ ಕಾಲುವೆ ಮುಚ್ಚಿರುತ್ತಾರೆ, ಭರತ ಒಳಗೆ ಬರುವುದಿಲ್ಲ. ಆ ಬಾಯಿ ಬಿಡಿಸಿದರೆ ಬೀಜ ನೀರಲ್ಲೇ ತೇಲಿ ಬಂದು ತಾನಾಗಿ ಕೂರುತ್ತದೆ, ಅವಿಸೆನ್ನಿಯಾ, ಸೊನ್ನೆರೇಷಿಯಾದಂಥ ಬೇರೆ ಕಾಂಡ್ಲ ಜಾತಿಗಳೆಲ್ಲ ಬೆರಕೆಯಾಗಿ. ನೀವು ದನ ತಿನ್ನದಂತೆ ಎರಡು ವರ್ಷ ನೋಡಿಕೊಂಡರೆ ಸಾಕು. ಜಾಗ ಅರಣ್ಯ ಇಲಾಖೆಯದ್ದೋ ಖಾಸಗಿಯದ್ದೋ ಎಂದು ಮೊದಲೇ ವಿಚಾರಿಸಿ. ಹೊನ್ನಾವರ ಅರಣ್ಯ ವಿಭಾಗದವರಿಗೆ ಕಾಂಡ್ಲ ಬೆಳೆಸಿದ ದೀರ್ಘ ಅನುಭವವಿದೆ, ಅವರ ಜೊತೆಗೂಡಿ ಮಾಡಿ.

ಗಜನಿಯ ಮಾತು ಬಂದದ್ದರಿಂದ ಒಂದು ವಿಷಯಾಂತರ. ಮಾಣಿಕಟ್ಟಾದ ಕಡೆ ಈಗಲೂ ಕೆಲವರು ಕಗ್ಗ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ಭತ್ತ ಅದು. ಗೊಬ್ಬರ ಹಾಕುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಕೊಳೆತ ಕೂಳೆಯಲ್ಲಿ ಸಿಗಡಿ, ಮೀನು ಬೆಳೆಯುತ್ತವೆ, ಉದುರಿದ ಕಾಳಿಗೆ ಹಕ್ಕಿ ಬರುತ್ತವೆ. ಹಿಂದೆ ರೈತರೇ ಮಣ್ಣಿನ ಕಟ್ಟೆ ಹಾಕಿ, ಅದಕ್ಕೆ ಕಾಂಡ್ಲದ ಬೇರಿನ ಆಸರೆ ಕೊಟ್ಟು, ಒಟ್ಟಾಗಿ ನೋಡಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆ ಕಟ್ಟಿಸಿದಾಗ ಕಾಂಡ್ಲ ಹೋಯಿತು, ಒಟ್ಟಾಗಿ ದುಡಿಯುವ ಅಭ್ಯಾಸವೂ ಸಡಿಲವಾಯಿತು. ಆಮೇಲೆ ಸಿಗಡಿ ಗುತ್ತಿಗೆ ಬಂತು, ಗದ್ದೆ ಎಷ್ಟೋ ಕಡೆ ಬರಡಾಯಿತು. ನಿಮ್ಮ ತಂಡಕ್ಕೆ ಮೈಮುರಿದು ದುಡಿಯುವ ಹುಮ್ಮಸ್ಸು ಇದ್ದರೆ, ಕಗ್ಗದ ನಾಟಿ ಮತ್ತು ಕೊಯ್ಲಿಗೆ ಆಳು ಸಿಗದೆ ಒದ್ದಾಡುವ ರೈತರಿಗೆ ಹೋಗಿ ಕೈಜೋಡಿಸಿ. ನೂರು ಸಸಿ ನೆಡುವುದಕ್ಕಿಂತ ಅಳಿವೆಗೆ ಇದರಿಂದ ಹೆಚ್ಚು ಲಾಭ ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಮ್ಸಾರ್ ವಿಷಯದಲ್ಲಿ ನಿಮ್ಮ ಊರ ಹಿರಿಯರಿಗೆ ನಿರಾಸೆ ಮಾಡಬೇಕಾಗುತ್ತದೆ. 2024ರ ಜನವರಿ 31ರಂದು ಮಾಗಡಿ ಕೆರೆ, ಅಂಕಸಮುದ್ರಗಳ ಜೊತೆ ಅಘನಾಶಿನಿ ಅಳಿವೆಗೂ ಆ ಮನ್ನಣೆ ಘೋಷಣೆಯಾಯಿತು. ವಿಸ್ತೀರ್ಣ 4,801 ಹೆಕ್ಟೇರ್, ಅಂದರೆ 48 ಚದರ ಕಿಲೋಮೀಟರ್. ನದಿಯ ಜಲಾನಯನವೋ 1,300 ಚದರ ಕಿಲೋಮೀಟರ್‌ಗೂ ಮೀರಿದ್ದು. ಮನ್ನಣೆ ಸಿಕ್ಕಿರುವುದು ಬಾಲಕ್ಕೆ, ಮೈ ಎಲ್ಲ ಹೊರಗಿದೆ. ರಾಮ್ಸಾರ್ ಎಂದರೆ ಮೀನು ಹಿಡಿಯುವುದು, ಬೆಳಚು ಹೆಕ್ಕುವುದು ನಿಷೇಧ ಎಂಬ ಗಾಳಿಸುದ್ದಿ ಹಬ್ಬಿದ್ದರೆ ಅದನ್ನೂ ತಿದ್ದಿ. ಆ ಒಪ್ಪಂದದ ತಿರುಳೇ ವಿವೇಕದ ಬಳಕೆ. ದಿನನಿತ್ಯದ ಕಾನೂನು ರಕ್ಷಣೆ ನಿಮಗೆ ಸಿಗುವುದು ಮುಖ್ಯವಾಗಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿಂದ, ಅಂದರೆ ಸಿಆರ್‌ಝಡ್‌ನಿಂದ. ಕಾಂಡ್ಲ ಕಾಡು, ಕೆಸರು ಬಯಲು, ಕಡಲಾಮೆ ಮೊಟ್ಟೆಯಿಡುವ ಮರಳು, ಇವೆಲ್ಲ ಅದರಲ್ಲಿ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತವೆ. ನಿಮ್ಮ ಪಂಚಾಯಿತಿಯ ಸಿಆರ್‌ಝಡ್ ನಕ್ಷೆ ತರಿಸಿಕೊಂಡು, ನೆಲದ ಮೇಲೆ ಕಾಂಡ್ಲ ಇರುವ ಕಡೆ ನಕ್ಷೆಯಲ್ಲೂ ಇದೆಯೇ ಎಂದು ಹೋಲಿಸಿ ನೋಡಿ. ಇಲ್ಲದಿದ್ದರೆ ಲಿಖಿತವಾಗಿ ತಿಳಿಸಿ. ಒಂದು ಮಧ್ಯಾಹ್ನದ ಕೆಲಸವಾದರೂ ಇದರ ತೂಕ ದೊಡ್ಡದು.

ಹಾಗಾದರೆ ಮೈ ಕಾಯುವವರು ಯಾರು? ಘಟ್ಟದ ಮೇಲಿನವರು. ಕರಾವಳಿಯ ತಂಡಗಳು ಹೆಚ್ಚಾಗಿ ಮರೆಯುವುದು ಇದನ್ನೇ. ಶಿರಸಿ, ಸಿದ್ದಾಪುರದ ಕಾಡಿನ ಕಣಿವೆಗಳಲ್ಲಿ ರಾಂಪತ್ರೆ ಜಡ್ಡಿಗಳಿವೆ. ಮಂಡಿ ಮಡಚಿದಂಥ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತ ಮರಗಳ ಜೌಗು ಕಾಡು. ಮಳೆಗಾಲದಲ್ಲಿ ಹೀರಿದ ನೀರನ್ನು ಬೇಸಿಗೆಯಿಡೀ ತೊಟ್ಟಿಕ್ಕಿಸುವುದು ಅವುಗಳ ಕಸುಬು. ಉತ್ತರ ಕನ್ನಡದ ಹಳ್ಳಗಳ ಮೇಲೆ ನಡೆದ ಅಧ್ಯಯನಗಳು ಹೇಳುವುದೂ ಅದನ್ನೇ: ನೈಸರ್ಗಿಕ ಕಾಡು ದಟ್ಟವಾಗಿರುವ ಕಡೆ ಹಳ್ಳ ವರ್ಷದುದ್ದ ಹರಿಯುತ್ತದೆ, ಕಾಡು ಕೆಟ್ಟ ಕಡೆ ಮಳೆ ನಿಂತ ಕೆಲವೇ ತಿಂಗಳಿಗೆ ಬತ್ತುತ್ತದೆ. ಬೇಸಿಗೆಯ ಆ ಸಣ್ಣ ಹರಿವೇ ನಿಮ್ಮ ಅಳಿವೆಯ ಮೇಲ್ತುದಿಯಲ್ಲಿ ಉಪ್ಪನ್ನು ಹಿಡಿದು ನಿಲ್ಲಿಸುವುದು. ಕಪ್ಪು ಚಿಪ್ಪಿನ ಬೆಳಚು ಅಲ್ಲಿ ಬದುಕುವುದೂ ಅದರಿಂದಲೇ.

ಆದ್ದರಿಂದ ಮೇಲಿನ ಊರುಗಳಲ್ಲಿ ನಿಮ್ಮಂಥದೇ ಒಂದು ತಂಡವನ್ನು ಹುಡುಕಿಕೊಳ್ಳಿ. ಶಾಲೆಯ ಮೇಷ್ಟ್ರಿರಬಹುದು, ಗ್ರಾಮ ಅರಣ್ಯ ಸಮಿತಿಯವರಿರಬಹುದು. ಅವರು ಬರೆಯಬೇಕಾದದ್ದು ತೀರಾ ಸರಳ: ನಮ್ಮ ಹಳ್ಳ ಈ ವರ್ಷ ಯಾವ ದಿನ ನಿಂತಿತು, ಯಾವ ದಿನ ಮತ್ತೆ ಹರಿಯಿತು. ಅವರ ತಾರೀಖು ಮತ್ತು ನಿಮ್ಮ ಉಪ್ಪಿನ ಅಂಕಿ ಒಂದೇ ಹಾಳೆಯ ಮೇಲೆ ಬಂದ ದಿನ ‘ಸಮುದ್ರಕ್ಕೆ ಸುಮ್ಮನೆ ಹರಿದುಹೋಗುವ ನೀರು’ ಎನ್ನುವವರಿಗೆ ಕೊಡಲು ನಿಮ್ಮಲ್ಲಿ ಉತ್ತರವಿರುತ್ತದೆ. ಮಳೆಗಾಲದ ನೀರೂ ಸುಮ್ಮನೆ ಹೋಗುವುದಿಲ್ಲ. ಅಳಿವೆಯ ಬಾಯಿಯ ಮರಳನ್ನು ತಳ್ಳುತ್ತದೆ, ಕಾಡಿನ ತರಗೆಲೆಯ ಸಾರವನ್ನು ಕೆಸರಿಗೆ ತಂದು ಹಾಕುತ್ತದೆ, ಗಜನಿಯ ಉಪ್ಪು ತೊಳೆದು ಕಗ್ಗಕ್ಕೆ ಹದ ಮಾಡುತ್ತದೆ.

ಮೇಲೆ ಹೋದಾಗ ಉಪದೇಶಕ್ಕೆ ಇಳಿಯಬೇಡಿ. ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡು) ಸೌಲಭ್ಯ ಬ್ರಿಟಿಷರ ಕಾಲದಿಂದ ಇದೆ. ಕೆಲವರು ಅದನ್ನು ಕಾಡಿನಂತೆಯೇ ಉಳಿಸಿಕೊಂಡಿದ್ದಾರೆ, ಕೆಲವರ ಬೆಟ್ಟ ಬೋಳಾಗಿದೆ. ಉಳಿಸಿಕೊಂಡವರ ಬೆಟ್ಟವನ್ನು ಮೊದಲು ನೋಡಿ ಬನ್ನಿ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಬೇಡಿ ಎಂದು ನೀವು ಹೇಳುವಂತಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಡ್ರಮ್ಮು, ಪೈಪು ಹಳ್ಳದಲ್ಲಿ ತೊಳೆಯಬೇಡಿ, ಮೈಲುತುತ್ತು ಮೀನಿಗೆ ವಿಷ ಎಂದರೆ ಕೇಳುತ್ತಾರೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದವರು, ಕಾಡಿಗೂ ನೀರಿಗೂ ಇರುವ ನಂಟು ಅವರಿಗೇ ಗೊತ್ತಿತ್ತು.

ರಾಂಪತ್ರೆ ಸಸಿ ಮಾಡುವ ಆಸೆಯಿದ್ದರೆ ಒಂದು ಎಚ್ಚರಿಕೆ. ಅದರ ಬೀಜ ಒಣಗಿದರೆ ಸತ್ತಂತೆ, ಬಿದ್ದ ಕೆಲವೇ ದಿನಗಳಲ್ಲಿ ಹಾಕಬೇಕು. ಜಡ್ಡಿಯಲ್ಲಿ ನೀರಿನ ದಾರಿ ತೋಟಕ್ಕೆ ತಿರುಗಿದ್ದರೆ ಸಸಿ ನೆಟ್ಟು ಪ್ರಯೋಜನವಿಲ್ಲ.

ವನ್ಯಜೀವಿಗಳ ವಿಷಯಕ್ಕೆ ಬರೋಣ. ಘಟ್ಟದ ಇಳಿಜಾರಿನಲ್ಲಿ ಸಿಂಗಳೀಕಗಳಿವೆ. ಶಿರಸಿ–ಹೊನ್ನಾವರ ಕಾಡುಗಳಲ್ಲಿ 2000ದ ಮೊದಲ ವರ್ಷಗಳಲ್ಲಿ ನಡೆದ ಗಣತಿಯಲ್ಲಿ 32 ಗುಂಪು, 600ಕ್ಕೂ ಹೆಚ್ಚು ಪ್ರಾಣಿಗಳು ಕಂಡಿದ್ದವು. 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಬಂತು, 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಸೇರಿತು. ಇಲ್ಲಿ ಸ್ವಯಂಸೇವಕರ ಕೆಲಸ ಪ್ರಾಣಿಯ ಬೆನ್ನು ಹತ್ತುವುದಲ್ಲ. ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣನ್ನು ನೋಡಿ. ಸಿಂಗಳೀಕಕ್ಕೆ ಅದು ಹಣ್ಣು, ಜನರಿಗೆ ಮಳೆಗಾಲದ ಸಂಪಾದನೆ. ಒಬ್ಬರಿಗಿಂತ ಮೊದಲು ಇನ್ನೊಬ್ಬರು ಕೀಳುವ ಪೈಪೋಟಿಯಲ್ಲಿ ಬಲಿಯುವ ಮೊದಲೇ ಕೊಂಬೆ ಸಮೇತ ಹೋಗುತ್ತದೆ. ಒಣಗಿಸಲು ಮಳೆಯಲ್ಲಿ ಕಟ್ಟಿಗೆ ಗಾಡಿಗಟ್ಟಲೆ ಉರಿಯುತ್ತದೆ. ಊರವರೇ ಕೊಯ್ಲಿನ ದಿನ ಗೊತ್ತುಮಾಡಿ, ಕಟ್ಟಿಗೆ ಉಳಿಸುವ ಒಲೆ ಹಾಕಿಕೊಂಡರೆ ಕಾಡಿಗೂ ಮನೆಗೂ ಉಳಿತಾಯ. ಒಲೆಗೆ ಬೇಕಾದ ಧನಸಹಾಯದ ಅರ್ಜಿ ಬರೆದುಕೊಡುವವರು ಅಲ್ಲಿ ಬೇಕು. ಓದಿದ ನಿಮ್ಮ ಕೈಯಿಂದ ಆಗುವ ಸೇವೆ ಅದು.

ನೀರುನಾಯಿಯ ಮೇಲಿನ ಸಿಟ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಬಲೆ ಹರಿದರೆ ವಾರದ ದುಡಿಮೆ ಹೋದಂತೆ. ಅಳಿವೆಯಲ್ಲಿ ಗುಂಪಾಗಿ ಈಜುವುದು ನುಣುಪು ಕೂದಲಿನ ದೊಡ್ಡ ಜಾತಿ. ಬಲೆಯಲ್ಲಿ ಸಿಕ್ಕ ಮೀನು ಅದಕ್ಕೆ ತಟ್ಟೆಗೆ ಬಡಿಸಿಟ್ಟ ಊಟ. ಹರಿದ ಬಲೆಗಳ ಫೋಟೋ, ಜಾಗ, ಹೊತ್ತು, ಬಲೆಯ ಬಗೆ ಬರೆದುಕೊಳ್ಳಿ. ರಾತ್ರಿಯಿಡೀ ಬಿಟ್ಟ ಬಲೆಗೆ ಹೆಚ್ಚು ಹಾನಿಯೋ, ಬೇಗ ಎತ್ತಿದ್ದಕ್ಕೆ ಕಡಿಮೆಯೋ ಎಂಬುದು ಒಂದೆರಡು ಹಂಗಾಮಿನಲ್ಲಿ ಕಾಣುತ್ತದೆ, ಕಂಡರೆ ಮೀನುಗಾರರೇ ರೂಢಿ ಬದಲಿಸುತ್ತಾರೆ. ಕಲ್ಲಿನ ಮೇಲೆ ಮೀನಿನ ಮುಳ್ಳು, ಏಡಿ ಚಿಪ್ಪು ಇರುವ ಹಿಕ್ಕೆಯ ರಾಶಿ ಸಿಕ್ಕರೆ ಗುರುತು ಮಾಡಿಕೊಳ್ಳಿ, ಆದರೆ ಬಿಲದ ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕ್ಯಾಮೆರಾ ಕಟ್ಟುವ ಮನಸ್ಸಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಡಲಾಮೆಯ ಗೂಡು ಕಂಡರೂ ಹಾಗೆಯೇ, ಮೊಟ್ಟೆ ಮುಟ್ಟದೆ, ಜನ ಸೇರಿಸದೆ ಇಲಾಖೆಗೆ ಹೇಳಿ. ಹಕ್ಕಿಗಳಿಗೆ ಪ್ರತಿ ಜನವರಿಯಲ್ಲಿ ಏಷ್ಯಾ ಜಲಪಕ್ಷಿ ಗಣತಿ ನಡೆಯುತ್ತದೆ, ನಿಮ್ಮ ಕೆಸರು ಬಯಲನ್ನು ಅದಕ್ಕೆ ಸೇರಿಸಿ.

ಮೇಲಿನ ಹಳ್ಳಗಳಲ್ಲಿ ಬೇಸಿಗೆಯ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯುವ ಕೆಟ್ಟ ಚಾಳಿಯಿದೆ. ಒಂದು ಗುಂಡಿಗೆ ವಿಷ ಬಿದ್ದರೆ ಮೀನು, ಕಪ್ಪೆ, ಏಡಿ ಎಲ್ಲ ಒಟ್ಟಿಗೆ ಹೋಗುತ್ತವೆ, ಕೆಳಗಿನವರು ಅದೇ ನೀರು ಕುಡಿಯುತ್ತಾರೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಬೇಸಿಗೆಯಲ್ಲಿ ಗುಂಡಿಗಳ ಮೇಲೆ ಊರವರ ಕಣ್ಣಿದ್ದರೆ ಅರ್ಧ ನಿಲ್ಲುತ್ತದೆ.

ಮರಳಿನ ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಲು ಹೋಗಬೇಡಿ. ರಾತ್ರಿ ದೋಣಿ ತಡೆಯುವುದು, ಲಾರಿಗೆ ಅಡ್ಡ ನಿಲ್ಲುವುದು ನಿಮ್ಮ ಕೆಲಸವಲ್ಲ. ಹಗಲಿನಲ್ಲಿ ಸಾರ್ವಜನಿಕ ಜಾಗದಿಂದ ತಾರೀಖು, ಸ್ಥಳ ಕಾಣುವಂತೆ ಫೋಟೋ ತೆಗೆಯಿರಿ. ತಹಶೀಲ್ದಾರರಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಜಿಲ್ಲಾಧಿಕಾರಿಗಳಿಗೆ ಪ್ರತಿ ಕಳಿಸಿ. ಒಬ್ಬರ ಹೆಸರಿನಲ್ಲಿ ಬೇಡ, ಹತ್ತು ಮನೆಯವರ ಸಹಿ ಇರಲಿ. ಹಸಿರು ನ್ಯಾಯಮಂಡಳಿಯ ತನಕ ಹೋಗಬೇಕಾಗಿ ಬಂದರೆ ಘಟನೆ ನಡೆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಯೋಜನೆಯ ಪರವಾನಗಿಯ ವಿರುದ್ಧವಾದರೆ 30 ದಿನಗಳೊಳಗೆ ಮೇಲ್ಮನವಿ. ಎಷ್ಟೋ ಒಳ್ಳೆಯ ಪ್ರಕರಣಗಳು ತಾರೀಖು ಮೀರಿದ್ದರಿಂದ ಬಿದ್ದುಹೋಗುತ್ತವೆ. ದೊಡ್ಡ ಯೋಜನೆಯ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು; ಆ 30 ದಿನದಲ್ಲಿ ಅಂಕಿ ಅಂಶ ಹುಟ್ಟಿಸಲು ಆಗುವುದಿಲ್ಲ, ಮೊದಲೇ ಬರೆದಿಟ್ಟಿರಬೇಕು.

ನೋಂದಣಿ ಈಗಲೇ ಬೇಡ. ನೋಂದಾಯಿಸಿದ ದಿನದಿಂದ ಅಧ್ಯಕ್ಷರು ಯಾರು, ಖಜಾಂಚಿ ಯಾರು, ಲೆಕ್ಕಪತ್ರ ಯಾವಾಗ ಎಂಬುದರಲ್ಲೇ ಅರ್ಧ ಶಕ್ತಿ ಹೋಗುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಹೆಚ್ಚಿನ ಕಡೆ ಅದು ಕಾಗದದ ಮೇಲಿರುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಲ್ಲಿ ಹೋಗಿ ಸದಸ್ಯರ ಪಟ್ಟಿ, ಕಳೆದ ಸಭೆಯ ನಡಾವಳಿ, ಜೀವವೈವಿಧ್ಯ ದಾಖಲಾತಿ ಪುಸ್ತಕ ಕೇಳಿ. ಆ ಪುಸ್ತಕದಲ್ಲಿ ಬೆಳಚು, ಕಗ್ಗ, ಕಾಂಡ್ಲ, ನೀರುನಾಯಿ ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ, ನಿಮ್ಮ ಅಂಕಿಗಳನ್ನು ಸಭೆಯ ನಡಾವಳಿಗೆ ಹತ್ತಿಸಿ. ನಿಮ್ಮ ಮನೆಯ ನೋಟ್‌ಪುಸ್ತಕ ಹೀಗೆ ಸರ್ಕಾರಿ ದಾಖಲೆಯಾಗುತ್ತದೆ. ಸಮಿತಿಯಲ್ಲಿ ಮಹಿಳೆಯರಿಗೂ ಸ್ಥಾನವಿದೆ. ಬೆಳಚು ಹೆಕ್ಕುವ ಅಮ್ಮಂದಿರಲ್ಲಿ ಒಬ್ಬರನ್ನಾದರೂ ಅಲ್ಲಿ ಕೂರಿಸಲು ಮುಂದಿನ ಗ್ರಾಮಸಭೆಯಲ್ಲೇ ಕೇಳಿ. ಸಾಧನ ಕೊಳ್ಳುವ ಮೊದಲು ಕುಮಟಾದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ, ಬೀರುವಿನಲ್ಲಿ ಒಂದು ರಿಫ್ರಾಕ್ಟೋಮೀಟರ್ ಸುಮ್ಮನೆ ಬಿದ್ದಿರುವ ಸಾಧ್ಯತೆ ಇದೆ.